ಕೆಟ್ಟದ್ದು ಎಲ್ಲಿರುತ್ತದೆ?

ಪಿಕ್ಚರ್ ಟ್ಯೂಬಿನ ಕಾಲದ ಟಿವಿ ರಿಪೇರಿ ಬಲ್ಲವರಿಗೆಲ್ಲ ಗೊತ್ತಿರುವ ಒಂದು ದೋಷವಿದೆ. ಪರದೆಯ ತುಂಬ ಚಿತ್ರ ಬರಬೇಕಾದಲ್ಲಿ ನಟ್ಟನಡುವೆ ಕಣ್ಣು ಕುಕ್ಕುವ ಒಂದೇ ಒಂದು ಅಡ್ಡಗೆರೆ ಬರುತ್ತದೆ. ಕಾಸು ಹಾಕಿ ನಿಂತು ಆಡುತ್ತಿದ್ದ ಹಳೆಯ ಆರ್ಕೇಡ್ ಪೆಟ್ಟಿಗೆಗಳ ಮಾನಿಟರ್‌ಗಳಿಗೂ ಇದು ಮಾಮೂಲು ಕಾಯಿಲೆ. (1980ರ ಪ್ಯಾಕ್‌ಮ್ಯಾನ್ ಪೆಟ್ಟಿಗೆಯಲ್ಲಿ ಮಾನಿಟರನ್ನು ಪಕ್ಕಕ್ಕೆ ಹೊರಳಿಸಿ ಕೂರಿಸಿರುವುದರಿಂದ ಅಲ್ಲಿ ಆ ಗೆರೆ ನೆಟ್ಟಗೆ ನಿಂತಿರುತ್ತದೆ.) ಕಾರಣವೇನೂ ನಿಗೂಢವಲ್ಲ. ಎಲೆಕ್ಟ್ರಾನ್ ಕಿರಣವನ್ನು ಸೆಕೆಂಡಿಗೆ ಸುಮಾರು 15,700 ಸಲ ಎಡದಿಂದ ಬಲಕ್ಕೆ ಎಳೆಯುವ ಸರ್ಕ್ಯೂಟ್ ಒಂದು. ಅದೇ ಕಿರಣವನ್ನು ಸೆಕೆಂಡಿಗೆ ಸುಮಾರು 60 ಸಲ ಮೇಲಿಂದ ಕೆಳಕ್ಕೆ ಇಳಿಸುವ ಸರ್ಕ್ಯೂಟ್ ಇನ್ನೊಂದು. ಎರಡನೆಯದು ನಿಂತುಹೋಗಿದೆ. ಬೆಸುಗೆ ಬಿರುಕು ಬಿಟ್ಟಿರಬಹುದು, ಐಸಿ ಸುಟ್ಟಿರಬಹುದು, ಕಂಡೆನ್ಸರ್ ಒಣಗಿರಬಹುದು. ಆದರೆ ಕಾರಣ ಸಿಕ್ಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಪೆಟ್ಟಿಗೆಯೊಳಗೆ ಭೌತಶಾಸ್ತ್ರದ ಯಾವ ನಿಯಮವೂ ಮುರಿದಿಲ್ಲ. ಕೆಟ್ಟ ಮಾನಿಟರಿನ ಎಲೆಕ್ಟ್ರಾನು ಸರಿಯಿರುವ ಮಾನಿಟರಿನ ಎಲೆಕ್ಟ್ರಾನಿನಷ್ಟೇ ವಿಧೇಯ. ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿದೆ. ಹಾಗಿದ್ದರೆ ‘ಕೆಟ್ಟಿದೆ’ ಎಂದು ನಾವು ಹೇಳುವಾಗ ಬೆರಳು ತೋರಿಸುವುದು ಯಾವುದರ ಕಡೆಗೆ? ಧರ್ಮಚಿಂತಕರು ಕೇಡಿನ ಬಗ್ಗೆ, ಅಜ್ಞಾನದ ಬಗ್ಗೆ ಕೇಳುತ್ತ ಬಂದದ್ದೂ ಇದನ್ನೇ: ಕೆಟ್ಟದ್ದು ಎಂಬುದು ಇರುವ ವಸ್ತುವೋ, ಒಳ್ಳೆಯದರ ಇಲ್ಲದಿರುವಿಕೆಯೋ? ಈ ಪ್ರಶ್ನೆಗೆ ರಿಪೇರಿ ಮೇಜಿನ ಮೇಲೆ ಸಾಕಷ್ಟು ಸಾಕ್ಷ್ಯ ಬಿದ್ದಿದೆ, ಅದು ಎರಡೂ ಪಕ್ಷಗಳಿಗೆ ಅನುಕೂಲವಾಗಿಲ್ಲ ಎನ್ನುವುದು ನನ್ನ ವಾದ.

ಇಲ್ಲದಿರುವಿಕೆಯ ಪಕ್ಷದ ದೊಡ್ಡ ಹೆಸರು ಸಂತ ಅಗಸ್ಟೀನನದು. ಒಳಿತು ಮತ್ತು ಕೇಡು ಎರಡೂ ಸ್ವತಂತ್ರ ಶಕ್ತಿಗಳು ಎನ್ನುವ ಮಾನಿ ಪಂಥದಲ್ಲಿ ಯೌವನದ ಸುಮಾರು ಒಂಬತ್ತು ವರ್ಷ ಕಳೆದು ಹೊರಬಂದ ಮೇಲೆ ಅವನು ತಲುಪಿದ ನಿಲುವು ಇದು: ದೇವರು ಸೃಷ್ಟಿಸಿದ್ದೆಲ್ಲವೂ ಒಳ್ಳೆಯದೇ ಆದ್ದರಿಂದ ಕೇಡಿಗೆ ತನ್ನದೇ ಆದ ಅಸ್ತಿತ್ವವಿಲ್ಲ, ಅದು ಒಳಿತಿನ ಕೊರತೆ ಮಾತ್ರ. ಅವನು ಕೊಡುವ ಸಮರ್ಥನೆ ಚೆನ್ನಾಗಿದೆ. ಗಾಯ ವಾಸಿಯಾದಾಗ ಅದು ದೇಹ ಬಿಟ್ಟು ಬೇರೆಲ್ಲೋ ಹೋಗಿ ನೆಲೆಸುವುದಿಲ್ಲ, ಇಲ್ಲವಾಗುತ್ತದೆ ಅಷ್ಟೆ. ಏಕೆಂದರೆ ಅದು ವಸ್ತುವಾಗಿರಲೇ ಇಲ್ಲ. ಒಂದೇ ಗೆರೆಯ ಮಾನಿಟರಿಗೆ ಈ ಮಾತು ಹೇಳಿಮಾಡಿಸಿದಂತಿದೆ. ಬಿರುಕು ಬಿಟ್ಟ ಬೆಸುಗೆಗೆ ಕಾದ ಐರನ್ ಮುಟ್ಟಿಸಿ ಹೊಸ ಸೀಸ ಹರಿಸಿದರೆ ಚಿತ್ರ ಅರಳಿಕೊಳ್ಳುತ್ತದೆ. ದೋಷ ಎಲ್ಲಿಗೆ ಹೋಯಿತು ಎಂದು ಕೇಳುವವರಿಲ್ಲ. ಮೂವತ್ತು ನಲವತ್ತು ವರ್ಷ ಹಳೆಯ ಮಾನಿಟರ್‌ಗಳಿಗೆ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್‌ಗಳನ್ನೆಲ್ಲ ಒಟ್ಟಿಗೆ ಬದಲಿಸುವ ರೂಢಿಯಿದೆ. ಒಳಗಿನ ದ್ರವ ಒಣಗಿ, ಹಿಡಿದಿಡಬೇಕಾದಷ್ಟು ವಿದ್ಯುತ್ತನ್ನು ಅವು ಹಿಡಿದಿಡಲಾರವು. ಚಿತ್ರ ಕುಗ್ಗುತ್ತದೆ, ಅಂಚು ಬಳುಕುತ್ತದೆ. ಅಲ್ಲೂ ಇರುವುದು ಕೊರತೆಯೇ.

ನಮ್ಮಲ್ಲಿ ಈ ಕೊರತೆಯನ್ನು ಇನ್ನೂ ಕಟ್ಟುನಿಟ್ಟಾಗಿ ವಿಚಾರಿಸಿದವರು ನೈಯಾಯಿಕರು, ವೈಶೇಷಿಕರು. ಅಭಾವವನ್ನೂ ಅವರು ಒಂದು ಪದಾರ್ಥವೆಂದೇ ಎಣಿಸಿದರು. ನೆಲದ ಮೇಲೆ ಗಡಿಗೆ ಇಲ್ಲ ಎನ್ನುವುದು ಬರಿಯ ನೆಲದ ಅರಿವಲ್ಲ, ಗಡಿಗೆಯ ಅಭಾವದ ಅರಿವು. ಆ ಅರಿವು ಹುಟ್ಟಬೇಕಾದರೆ ಯಾವುದು ಇಲ್ಲವೋ ಅದು, ಅಂದರೆ ಪ್ರತಿಯೋಗಿ, ಮೊದಲೇ ಗೊತ್ತಿರಬೇಕು. ಈ ಷರತ್ತು ರಿಪೇರಿಗೆ ಎಷ್ಟು ಮುಖ್ಯ ಎಂಬುದನ್ನು ನೋಡಿ. ಆರ್ಕೇಡ್ ಆಟವನ್ನೇ ಕಾಣದವರು ಆ ಹೊಳೆಯುವ ಗೆರೆಯನ್ನು ಕಂಡು ಇದೇ ಆಟವಿರಬೇಕು ಎಂದುಕೊಂಡರೆ ಅವರ ಕಣ್ಣಿನಲ್ಲಿ ಐಬೇನೂ ಇಲ್ಲ. ಅವರ ಬಳಿ ಪ್ರತಿಯೋಗಿ ಇಲ್ಲ. ಪ್ರತಿಯೋಗಿಯ ಜೊತೆಗೆ ಇನ್ನೊಂದೂ ಬೇಕು. 1978ರ ಸ್ಪೇಸ್ ಇನ್ವೇಡರ್ಸ್ ಮೊದಲು ಬಂದಾಗ ಅದರ ಮಾನಿಟರ್ ಕಪ್ಪುಬಿಳುಪಿನದು. ಪರದೆಯ ಮೇಲೆ ಬಣ್ಣದ ಪಾರದರ್ಶಕ ಪಟ್ಟಿಗಳನ್ನು ಹಾಕಿ ಬಣ್ಣದ ಭ್ರಮೆ ಹುಟ್ಟಿಸುತ್ತಿದ್ದರು. ಅಲ್ಲಿ ಬಣ್ಣವಿಲ್ಲದಿರುವುದು ದೋಷವಲ್ಲ. ಪ್ಯಾಕ್‌ಮ್ಯಾನ್‌ನಲ್ಲಿ ಕೆಂಪು ಮಾಯವಾದರೆ ಅದು ದೋಷ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಹಾಕಿದ ಗೆರೆಯೂ ಇದೇ: ಮನುಷ್ಯನಿಗೆ ಜಿಂಕೆಯ ವೇಗವಿಲ್ಲದಿರುವುದು, ಸಿಂಹದ ಬಲವಿಲ್ಲದಿರುವುದು ಕೇಡಲ್ಲ, ಇರಬೇಕಾದದ್ದು ಇಲ್ಲದಿರುವುದು ಮಾತ್ರ ಕೇಡು. ಹೀಗೆ ಹೇಳಿದ ಕ್ಷಣಕ್ಕೇ ವಾದದ ಭಾರವೆಲ್ಲ ‘ಇಲ್ಲದಿರುವುದು’ ಎಂಬುದರಿಂದ ಜಾರಿ ‘ಇರಬೇಕಾದದ್ದು’ ಎಂಬುದರ ಮೇಲೆ ಬಂದು ಕೂತಿತು. ಅಕ್ವಿನಾಸನಿಗೆ ಅದರಿಂದ ತೊಂದರೆಯಿಲ್ಲ, ಇರಬೇಕಾದದ್ದನ್ನು ನಿರ್ಧರಿಸಲು ಅವನಿಗೆ ದೇವರಿದ್ದಾನೆ. ಉಳಿದವರಿಗೆ ಅಷ್ಟು ಸಲೀಸಲ್ಲ.

ಇನ್ನು ವಿರುದ್ಧ ಸಾಕ್ಷ್ಯ. ಪರದೆಯೆಲ್ಲ ಕಡುಗೆಂಪಾಗಿ ತುಂಬಿಕೊಂಡು, ಕಿರಣ ಹಿಂದಿರುಗುವಾಗಿನ, ಕಾಣಬಾರದ ವಾಪಸಿ ಗೆರೆಗಳೂ ಎದ್ದು ಕಾಣುವ ಒಂದು ದೋಷವಿದೆ. ಕೆಂಪು ಬಣ್ಣ ನಡೆಸುವ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುತ್ತದೆ, ಇಲ್ಲವೇ ಟ್ಯೂಬಿನ ಕುತ್ತಿಗೆಯೊಳಗೇ ಹೀಟರೂ ಕ್ಯಾಥೋಡೂ ಒಂದಕ್ಕೊಂದು ತಗುಲಿರುತ್ತವೆ. ಇಲ್ಲಿ ಏನೂ ಕಡಿಮೆಯಾಗಿಲ್ಲ. ಇರಬಾರದ ಸಂಪರ್ಕವೊಂದು ಇದೆ. ಟ್ಯೂಬಿನೊಳಗಿನ ತೆಳುವಾದ ಲೋಹದ ಜಾಲರಿ ಅಯಸ್ಕಾಂತಗೊಂಡರೆ ಮೂಲೆಗಳಲ್ಲಿ ಹಸಿರು ನೇರಳೆ ಕಲೆಗಳು ಮೂಡುತ್ತವೆ, ಆ ಕಾಂತತೆಯನ್ನು ಡಿಗಾಸಿಂಗ್ ಕಾಯಿಲ್‌ನಿಂದ ತೆಗೆಯಬೇಕು. ಅದೂ ಸೇರಿಕೊಂಡದ್ದೇ, ಕಳೆದುಕೊಂಡದ್ದಲ್ಲ. ಅಗಸ್ಟೀನನ ಪಕ್ಷದವರು ಶಾರ್ಟ್ ಎಂದರೆ ನಿರೋಧಕತೆಯ ಅಭಾವ ಎನ್ನಬಹುದು. ಹಾಗೆಯೇ ಎದುರು ಪಕ್ಷದವರು ಒಡೆದ ಬೆಸುಗೆ ಎಂದರೆ ಬಿರುಕಿನ ಭಾವ ಎನ್ನಬಹುದು. ಯಾವ ಇರುವಿಕೆಯನ್ನೂ ಇಲ್ಲದಿರುವಿಕೆಯಾಗಿ ತಿರುಗಿಸಿ ಹೇಳಬಹುದಾದರೆ ಆ ತಿರುಗಿಸುವಿಕೆಯಿಂದ ವಿವರಣೆ ಹುಟ್ಟುವುದಿಲ್ಲ. ಇದಕ್ಕಿಂತಲೂ ಗಟ್ಟಿಯಾದ ಸಾಕ್ಷ್ಯ 1979ರ ಆಸ್ಟರಾಯ್ಡ್ಸ್, 1981ರ ಟೆಂಪೆಸ್ಟ್‌ನಂಥ ಆಟಗಳ ವೆಕ್ಟರ್ ಮಾನಿಟರಿನದು. ಅಲ್ಲಿ ಕಿರಣ ಸಾಲುಸಾಲಾಗಿ ಪರದೆ ಗುಡಿಸುವುದಿಲ್ಲ, ಲೇಖನಿಯ ಹಾಗೆ ಗೆರೆಗಳನ್ನೇ ನೇರವಾಗಿ ಬರೆಯುತ್ತದೆ. ಬರೆಯುವ ಚಲನೆ ನಿಂತರೆ ಕಿರಣ ಒಂದೇ ಬಿಂದುವಿನ ಮೇಲೆ ನೆಟ್ಟು ಪರದೆಯ ಹೊಳೆಯುವ ಲೇಪವಾದ ಫಾಸ್ಫರನ್ನು ಸುಟ್ಟುಬಿಡುತ್ತದೆ. ಅದಕ್ಕಾಗಿ ಸ್ಪಾಟ್ ಕಿಲ್ಲರ್ ಎಂಬ ಸರ್ಕ್ಯೂಟ್. ಚಲನೆ ಕಾಣದಿದ್ದರೆ ಅದು ಕಿರಣವನ್ನೇ ಆರಿಸುತ್ತದೆ. ನೋಡುವವರಿಗೆ ಪರದೆ ಸಂಪೂರ್ಣ ಕಪ್ಪು. ಆ ಕತ್ತಲು ದೋಷದ ಗುರುತು ಹೌದು, ಆದರೆ ಕತ್ತಲು ತಾನೇ ದೋಷವಲ್ಲ. ಸುಸ್ಥಿತಿಯಲ್ಲಿರುವ ಒಂದು ಭಾಗ ತನ್ನ ಕೆಲಸ ಮಾಡುತ್ತಿರುವ ಫಲ. ಅಭಾವವೇ ಕೇಡು ಎಂದು ನಂಬಿದವರು ಮೊದಲು ಆ ಕತ್ತಲನ್ನು ಓಡಿಸಲು ಹೊರಡುತ್ತಾರೆ, ಟ್ಯೂಬು ಸುಟ್ಟುಕೊಳ್ಳುತ್ತಾರೆ.

ಹಾಗಾದರೆ ಕೆಟ್ಟದ್ದು ಭಾವರೂಪವೇ? ಶಂಕರರ ನಂತರದ ಅದ್ವೈತಿಗಳು, ಮುಖ್ಯವಾಗಿ ವಿವರಣ ಪ್ರಸ್ಥಾನದವರು, ಅವಿದ್ಯೆಯ ವಿಷಯದಲ್ಲಿ ಹಾಗೆಂದೇ ವಾದಿಸಿದರು. ಅವಿದ್ಯೆ ಜ್ಞಾನದ ಅಭಾವ ಮಾತ್ರವಲ್ಲ. ಅಭಾವಕ್ಕೆ ಏನನ್ನಾದರೂ ಮಾಡುವ ಶಕ್ತಿ ಎಲ್ಲಿಂದ ಬರಬೇಕು? ಅವಿದ್ಯೆಗಾದರೋ ಎರಡು ಶಕ್ತಿಗಳಿವೆ: ಇರುವುದನ್ನು ಮುಚ್ಚುವ ಆವರಣ, ಇಲ್ಲದ್ದನ್ನು ತೋರಿಸುವ ವಿಕ್ಷೇಪ. ರಿಪೇರಿಯವರ ದೋಷಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಎರಡಾಗಿ ಸೀಳಿಕೊಳ್ಳುತ್ತದೆ ಎನ್ನುವುದು ಕಾಕತಾಳೀಯವಿರಲಾರದು. ಚಿತ್ರ ಇಲ್ಲ, ಮಂಕು, ಬಣ್ಣವೊಂದು ಕಾಣುತ್ತಿಲ್ಲ ಎನ್ನುವುದು ಒಂದು ಗುಂಪು. ಚಿತ್ರ ಮಡಿಸಿಕೊಂಡಿದೆ, ಉರುಳುತ್ತಿದೆ, ಇಲ್ಲದ ಪಟ್ಟೆ ಏರಿಳಿಯುತ್ತಿದೆ ಎನ್ನುವುದು ಇನ್ನೊಂದು. ಎರಡನೆಯ ಗುಂಪನ್ನು ಬರಿಯ ಕೊರತೆಯಿಂದ ವಿವರಿಸಲು ಹೋದರೆ ಏದುಸಿರು ಬರುತ್ತದೆ. ಆದರೆ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಈ ಭಾವರೂಪದ ಅವಿದ್ಯೆಗೆ ಏಳು ಅನುಪಪತ್ತಿಗಳನ್ನು, ಅಂದರೆ ಅಸಂಗತಿಗಳನ್ನು, ಒಡ್ಡಿದರು. ಅವುಗಳಲ್ಲಿ ಆಶ್ರಯದ್ದು ತುಂಬ ಚುಚ್ಚುತ್ತದೆ: ಅವಿದ್ಯೆ ಇರುವ ವಸ್ತುವೇ ಆದರೆ ಅದು ಇರುವುದು ಯಾರಲ್ಲಿ? ಬ್ರಹ್ಮದಲ್ಲಿ ಎಂದರೆ ಅದು ಸ್ವಯಂಪ್ರಕಾಶ, ಅಲ್ಲಿ ಅಜ್ಞಾನಕ್ಕೆ ಜಾಗವಿಲ್ಲ. ಜೀವನಲ್ಲಿ ಎಂದರೆ ಜೀವಭಾವವೇ ಅವಿದ್ಯೆಯಿಂದ ಹುಟ್ಟಿದ್ದು. ಅದ್ವೈತಿಗಳ ಒಳಗೇ ಭಾಮತಿ ಪ್ರಸ್ಥಾನದವರು ಜೀವನ ಕಡೆಗೂ ವಿವರಣದವರು ಬ್ರಹ್ಮದ ಕಡೆಗೂ ಹಂಚಿಹೋದದ್ದು ಈ ಪ್ರಶ್ನೆಯ ಬಲಕ್ಕೆ ಸಾಕ್ಷಿ. ಆಶ್ರಯ ಯಾವುದು ಎಂಬುದೇ ರಿಪೇರಿಯ ಮೊದಲ ಪ್ರಶ್ನೆ ಕೂಡ. ಕೆಂಪು ಬರುತ್ತಿಲ್ಲವಾದರೆ ಬಲ್ಲವರು ಆಟದ ಬೋರ್ಡಿನಿಂದ ಬರುವ ಕೆಂಪು ಹಸಿರು ತಂತಿಗಳನ್ನು ಅದಲುಬದಲು ಮಾಡುತ್ತಾರೆ. ಈಗ ಹಸಿರು ಮಾಯವಾದರೆ ದೋಷ ಬೋರ್ಡಿನ ಕಡೆಯದು. ಕೆಂಪೇ ಬರದಿದ್ದರೆ ಮಾನಿಟರಿನದು. ಬಹುಪಾಲು ದೋಷಗಳಿಗೆ ಹೀಗೆ ವಿಳಾಸ ಸಿಕ್ಕಿಬಿಡುತ್ತದೆ.

ಸಿಗದವುಗಳೇ ಈ ವಾದದ ತಿರುಳು. ನಿಂಟೆಂಡೊ 1981ರಲ್ಲಿ ತಂದ ಡಾಂಕಿ ಕಾಂಗ್ ಆಟದ ಬೋರ್ಡು ಬಣ್ಣದ ಸಂಕೇತವನ್ನು ತಲೆಕೆಳಗಾಗಿ ಕಳಿಸುತ್ತದೆ. ಅದಕ್ಕೆ ಜೋಡಿಸಿದ್ದ ಸಾನ್ಯೋ ಮಾನಿಟರ್ ಅದನ್ನು ಹಾಗೆಯೇ ನಿರೀಕ್ಷಿಸುತ್ತದೆ. ಆ ಬೋರ್ಡನ್ನು ಅಮೆರಿಕದ ಉಳಿದ ಪೆಟ್ಟಿಗೆಗಳಲ್ಲಿರುತ್ತಿದ್ದ ವೆಲ್ಸ್ ಗಾರ್ಡ್‌ನರ್ ಮಾನಿಟರಿಗೆ ಹಾಗೇ ಜೋಡಿಸಿದರೆ ಬಣ್ಣಗಳೆಲ್ಲ ಫೋಟೋ ನೆಗೆಟಿವ್‌ನಂತೆ ತಿರುಗಿ ಬರುತ್ತವೆ. ಕಣ್ಣಿಗೆ ಇದು ಘೋರ ದೋಷ. ಬೋರ್ಡು ಪರೀಕ್ಷಿಸಿದರೆ ಆರೋಗ್ಯವಾಗಿದೆ, ಮಾನಿಟರ್ ಪರೀಕ್ಷಿಸಿದರೆ ಅದೂ ಆರೋಗ್ಯವಾಗಿದೆ. ನಡುವೆ ಸಂಕೇತ ತಿರುಗಿಸುವ ಒಂದು ಪುಟ್ಟ ಬೋರ್ಡು ಹಾಕಿದರೆ ಎಲ್ಲ ಸರಿ. ಟ್ಯೂಬ್ ಬದಲಿಸುವಾಗಲೂ ಇಂಥದೇ ತೊಡಕು. ಆರ್ಕೇಡ್ ಮಾನಿಟರಿನ ಟ್ಯೂಬು ಮುಗಿದಾಗ ಅದೇ ಅಳತೆಯ ಟಿವಿಯ ಟ್ಯೂಬನ್ನು ತೆಗೆದು ಹಾಕುತ್ತಾರೆ. ಟ್ಯೂಬು ಚೆನ್ನಾಗಿರುತ್ತದೆ, ಅದರ ಕುತ್ತಿಗೆಗೆ ಸುತ್ತಿಕೊಂಡು ಬಂದ, ಕಿರಣವನ್ನು ತಿರುಗಿಸುವ ಯೋಕ್ ಚೆನ್ನಾಗಿರುತ್ತದೆ, ಮಾನಿಟರಿನ ಸರ್ಕ್ಯೂಟ್‌ಗಳಿರುವ ಹಳೆಯ ಚಾಸಿ ಚೆನ್ನಾಗಿರುತ್ತದೆ. ಯೋಕ್‌ನ ಸುರುಳಿಯ ಗುಣ ಚಾಸಿಗೆ ಹೊಂದದಿದ್ದರೆ ಚಿತ್ರದ ಅಗಲ ಮಾತ್ರ ಎಂದೂ ಸರಿಹೋಗುವುದಿಲ್ಲ. ಈ ದೋಷ ಯಾವ ವಸ್ತುವಿನಲ್ಲೂ ಇಲ್ಲ, ಯಾವ ವಸ್ತುವಿನ ಅಭಾವವೂ ಅಲ್ಲ. ಇರುವುದು ಎರಡು ವಸ್ತುಗಳ ನಡುವೆ. ಒಮ್ಮೆ ಇದನ್ನು ಕಂಡಮೇಲೆ ಹಿಂದಿನ ಉದಾಹರಣೆಗಳೂ ಬೇರೆಯಾಗಿ ಕಾಣುತ್ತವೆ. ಶಾರ್ಟ್ ಆದ ಟ್ರಾನ್ಸಿಸ್ಟರ್ ಎಂದರೆ ಎರಡು ಕಾಲುಗಳ ನಡುವೆ ಸರಾಗವಾಗಿ ವಿದ್ಯುತ್ ಹರಿಸುವ ಒಂದು ತುಂಡು. ತಂತಿಗೆ ಅದೇ ಗುಣ. ಟ್ರಾನ್ಸಿಸ್ಟರಿನ ಜಾಗದಲ್ಲಿ ಕೂತು ತಂತಿಯ ಕೆಲಸ ಮಾಡುತ್ತಿರುವುದರಿಂದ ಅದು ಕೆಟ್ಟಿದೆ. ಕೇಡು ದ್ರವ್ಯವೂ ಅಲ್ಲ, ಅಭಾವವೂ ಅಲ್ಲ, ಒಂದು ಸಂಬಂಧ. ರಾಮಾನುಜರ ಪ್ರಶ್ನೆಗೆ ಉತ್ತರ ಸಿಗದೆ ಹೋದದ್ದು ಏಕಾಶ್ರಯವನ್ನೇ ಹುಡುಕಿದ್ದರಿಂದ ಎಂದು ನನಗನಿಸುತ್ತದೆ. ಸಂಬಂಧಕ್ಕೆ ಆಶ್ರಯ ಎರಡು.

ಸಂಬಂಧ ಎಂದ ಕೂಡಲೇ ಬರುವ ಆಕ್ಷೇಪ ಗೊತ್ತಿದ್ದದ್ದೇ: ಹಾಗಾದರೆ ಕೆಟ್ಟದ್ದು ಎಂಬುದು ನೋಡುವವರ ಕಣ್ಣಿನಲ್ಲಿದೆ, ನಿಜವಾಗಿ ಯಾವುದೂ ಕೆಟ್ಟಿಲ್ಲ. ಈ ತೀರ್ಮಾನ ಅವಸರದ್ದು. ಬೋರ್ಡಿನ ಸಂಕೇತ ತಲೆಕೆಳಗಾಗಿದೆ ಎಂಬುದು ಯಾರ ಅಭಿಪ್ರಾಯವೂ ಅಲ್ಲ. ಆಸಿಲೋಸ್ಕೋಪ್ ಹಚ್ಚಿದರೆ ಆಸ್ತಿಕರಿಗೂ ನಾಸ್ತಿಕರಿಗೂ ಒಂದೇ ಅಲೆ ಕಾಣುತ್ತದೆ. ಇಬ್ಬರು ಎತ್ತರದಲ್ಲಿ ಸಮವಿಲ್ಲ ಎಂಬುದು ಇಬ್ಬರಲ್ಲಿ ಯಾರೊಬ್ಬರ ಗುಣವೂ ಅಲ್ಲ, ಹಾಗೆಂದು ಅದು ಕಲ್ಪನೆಯೂ ಅಲ್ಲ. ವಸ್ತು ಮಾತ್ರ ಸತ್ಯ, ಸಂಬಂಧ ಮನಸ್ಸಿನ ಆರೋಪ ಎನ್ನುವ ಹಳೆಯ ಪೂರ್ವಗ್ರಹ ಇಲ್ಲಿ ಕೆಲಸ ಮಾಡುತ್ತಿದೆ. ಇಂಥ ಮಾನಿಟರ್‌ಗಳಲ್ಲಿ ಇಎಚ್‌ಟಿ ಎಂಬ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರಿನಿಂದ ಟ್ಯೂಬಿಗೆ ಹೋಗುವ ವೋಲ್ಟೇಜು 20,000ದಿಂದ 25,000ದಷ್ಟಿರುತ್ತದೆ, ಗಾಜಿನ ಒಳಹೊರಗಿನ ಲೇಪಗಳ ನಡುವೆ ಅದು ಪ್ಲಗ್ ತೆಗೆದ ಮೇಲೂ ಉಳಿದುಕೊಂಡಿರುತ್ತದೆ. ವೋಲ್ಟೇಜು ಎನ್ನುವುದೂ ಎರಡು ಬಿಂದುಗಳ ನಡುವಿನ ಸಂಬಂಧವೇ. ಸ್ಕ್ರೂಡ್ರೈವರನ್ನು ಚೌಕಟ್ಟಿಗೆ ಅರ್ತ್ ಮಾಡಿ ಆ ವೋಲ್ಟೇಜನ್ನು ಇಳಿಸದೆ ಟ್ಯೂಬಿಗೆ ಕೈಹಾಕಿದವರಿಗೆ ಸಂಬಂಧಗಳ ಸತ್ಯತ್ವದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಹೆಚ್ಚು ತೂಕದ ಆಕ್ಷೇಪ ಬೇರೆಯದು. ಎರಡು ವಸ್ತುಗಳು ಹೊಂದಿಕೊಂಡಿಲ್ಲ ಎನ್ನುವುದು ಸರಿ. ಹೊಂದಿಕೊಳ್ಳಬೇಕಿತ್ತು ಎಂದು ಹೇಳಿದವರು ಯಾರು? ಇಲ್ಲಿ ಆಸ್ತಿಕ ಗೆಳೆಯರು ಉತ್ಸಾಹದಿಂದ ಮುಂದೆ ಬರುತ್ತಾರೆ: ನಿರ್ಮಾಪಕನೊಬ್ಬನ ಉದ್ದೇಶವಿಲ್ಲದೆ ದೋಷ ಎಂಬ ಮಾತಿಗೇ ಅರ್ಥವಿಲ್ಲ, ಜಗತ್ತಿನಲ್ಲಿ ಕೇಡಿದೆ ಎಂದು ಒಪ್ಪುವವರು ಜಗತ್ತಿಗೂ ಒಬ್ಬ ನಿರ್ಮಾಪಕನನ್ನು ಒಪ್ಪಿದಂತಾಯಿತು ಎನ್ನುತ್ತಾರೆ. ವಾದ ಚುರುಕಾಗಿದೆ. ಆದರೆ ನಿರ್ಮಾಪಕನಿರುವುದು ಖಚಿತವಾಗಿರುವ ಆರ್ಕೇಡ್ ಯಂತ್ರಗಳಲ್ಲೇ ಅದು ನಿಲ್ಲುವುದಿಲ್ಲ. ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳನ್ನು ಹೊಡೆಯುತ್ತ ಹೋದಂತೆ ಉಳಿದವರು ವೇಗವಾಗಿ ಇಳಿಯುತ್ತಾರೆ. ಅದರ ಮೂಲ ಪ್ರೊಸೆಸರಿನ ಬಡತನ; ಬಿಡಿಸಬೇಕಾದ ಆಕೃತಿಗಳು ಕಡಿಮೆಯಾದಷ್ಟೂ ಅದು ಬೇಗ ಬಿಡಿಸುತ್ತಿತ್ತು. ವಿನ್ಯಾಸಕಾರ ತೊಮೊಹಿರೊ ನಿಶಿಕಾಡೊ ಅದನ್ನು ಕಂಡು ಹಾಗೇ ಉಳಿಸಿಕೊಂಡರು, ಇಂದು ಅದಿಲ್ಲದಿದ್ದರೆ ಅದು ಸ್ಪೇಸ್ ಇನ್ವೇಡರ್ಸೇ ಅಲ್ಲ. ಇತಿಮಿತಿಯಾಗಿ ಬಂದದ್ದು ನಿಯಮವಾಯಿತು. ಪ್ಯಾಕ್‌ಮ್ಯಾನ್‌ನ 256ನೆಯ ಹಂತದಲ್ಲಿ ಎಣಿಕೆ ತುಂಬಿ ಹರಿದು ಪರದೆಯ ಬಲ ಅರ್ಧ ಅಕ್ಷರ ಚಿಹ್ನೆಗಳ ಕಸವಾಗುತ್ತದೆ. ನಿರ್ಮಾಪಕರು ಬಯಸಿರದ ಆ ಕಸ ನುರಿತ ಆಟಗಾರರ ಗುರಿಯಾಗಿದೆ. ಅಲ್ಲಿ ಮಾನಿಟರಿನ ಆರೋಗ್ಯವೆಂದರೆ ಆ ಕಸವನ್ನು ಚಾಚೂತಪ್ಪದೆ ತೋರಿಸುವುದು. ಇರಬೇಕಾದದ್ದು ಯಾವುದು ಎಂಬುದನ್ನು ನಿರ್ಮಾಪಕರು ಆರಂಭಿಸುತ್ತಾರೆ, ಮುಗಿಸುವುದು ಅವರಲ್ಲ. ಬಳಕೆ, ಕಾಲ, ಆಡಿದ ಕೈಗಳು ಅದಕ್ಕೆ ಸೇರುತ್ತ ಹೋಗುತ್ತವೆ. ಇದರಿಂದ ದೇವರಿಲ್ಲ ಎಂದೇನೂ ಸಿದ್ಧವಾಗುವುದಿಲ್ಲ. ದೋಷದಿಂದ ದೇವರಿಗೆ ಹತ್ತಲು ಹಾಕಿದ ಏಣಿ ಗಟ್ಟಿಯಿಲ್ಲ ಎಂಬಷ್ಟು ಮಾತ್ರ ಸಿದ್ಧವಾಗುತ್ತದೆ.

ನಿಯಮಕ್ಕೆ ಒಡೆಯರು ಹಲವರಾದಾಗ ಅವರ ತೀರ್ಪು ಒಡೆಯುವುದೂ ಸಹಜ. ವರ್ಷಗಟ್ಟಲೆ ದಿನವಿಡೀ ಉರಿದ ಪ್ಯಾಕ್‌ಮ್ಯಾನ್ ಮಾನಿಟರ್‌ಗಳಲ್ಲಿ ಆ ಆಟದ ಚಕ್ರವ್ಯೂಹವೇ ಫಾಸ್ಫರಿನಲ್ಲಿ ಸುಟ್ಟು ಅಚ್ಚಾಗಿರುತ್ತದೆ; ಯಂತ್ರ ಆರಿಸಿದರೂ ಗಾಜಿನ ಮೇಲೆ ಅದರ ನೆರಳು ಕಾಣುತ್ತದೆ, ಬೇರೆ ಆಟ ಹಾಕಿದರೂ ಹಿಂದಿನ ಆಟ ಬಿಡುವುದಿಲ್ಲ. ಇದು ದೋಷವೋ ಚರಿತ್ರೆಯೋ? ಜೈನ ತಾರ್ಕಿಕ ಸಮಂತಭದ್ರ ಆಪ್ತಮೀಮಾಂಸೆಯಲ್ಲಿ ಕೊಡುವ ದೃಷ್ಟಾಂತವೊಂದು ನೆನಪಾಗುತ್ತದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ಶೋಕ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ, ಏಕೆಂದರೆ ವಸ್ತು ಹುಟ್ಟುತ್ತ, ಅಳಿಯುತ್ತ, ಉಳಿಯುತ್ತ ಇದೆ. ಸುಟ್ಟ ಟ್ಯೂಬು ತೆಗೆದು ಚೊಕ್ಕಟವಾದ ಟಿವಿ ಟ್ಯೂಬು ಹಾಕಿದಾಗ ಆಡುವವರು ಹಿಗ್ಗುತ್ತಾರೆ, ಸಂಗ್ರಾಹಕರು ಮರುಗುತ್ತಾರೆ, ಬಾಡಿಗೆಗೆ ಯಂತ್ರ ಇಟ್ಟವರಿಗೆ ಕಾಸು ಬಿದ್ದರೆ ಸಾಕು. ಮೂವರೂ ಭ್ರಮೆಯಲ್ಲಿಲ್ಲ. ಅನೇಕಾಂತವನ್ನು ಎಲ್ಲರೂ ಸರಿ ಎನ್ನುವ ಸಭ್ಯತೆಯಾಗಿ ಇತ್ತೀಚೆಗೆ ತೆಳುವಾಗಿಸಿದ್ದೇವೆ. ಸಮಂತಭದ್ರನ ಮಾತು ಅದಕ್ಕಿಂತ ಬಿಗಿಯಾದದ್ದು. ಯೋಕ್ ಹೊಂದಿಲ್ಲದಿದ್ದರೂ ಚಿತ್ರ ಸರಿಯಿದೆ ಎನ್ನುವ ನಾಲ್ಕನೆಯವನಿಗೆ ಅಲ್ಲಿ ಜಾಗವಿಲ್ಲ.

ಇಷ್ಟಾಗಿಯೂ ಒಂದು ಕಡೆ ಈ ವಾದ ನಿಲ್ಲಬೇಕಾಗುತ್ತದೆ. ಮಾನಿಟರಿಗೆ ನೋವಿಲ್ಲ. ಕೇಡಿನ ಪ್ರಶ್ನೆಯನ್ನು ಧರ್ಮಗಳು ಎತ್ತಿಕೊಂಡದ್ದು ಬೆಸುಗೆ ಬಿಟ್ಟಿದ್ದಕ್ಕಲ್ಲ, ಮಗು ನರಳಿದ್ದಕ್ಕೆ; ನೋವು ಎರಡು ವಸ್ತುಗಳ ನಡುವಿನ ಹೊಂದಾಣಿಕೆಯ ತಪ್ಪು ಎಂದು ನರಳುವವರಿಗೆ ಹೇಳುವುದು ಕ್ರೌರ್ಯ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ನೋವು ತಾನಾಗಿಯೇ ಕೆಟ್ಟದ್ದು, ಅದಕ್ಕೆ ಪ್ರತಿಯೋಗಿ ಬೇಡ, ಸರ್ಕ್ಯೂಟ್ ನಕ್ಷೆ ಬೇಡ. ಆದರೆ ನೋವಿನ ಕಾರಣ ಹುಡುಕಲು ಹೊರಟವರಿಗೆ ಮೇಲಿನ ವಿಚಾರ ಮತ್ತೆ ಬೇಕಾಗುತ್ತದೆ. ಅವರು ಪಾಪಿಯೊಬ್ಬನನ್ನೋ ಹಿಂದಿನ ಜನ್ಮವನ್ನೋ ಮುಟ್ಟಿ ತೃಪ್ತರಾಗುವ ಮೊದಲು, ಬೋರ್ಡೂ ಸರಿ ಮಾನಿಟರೂ ಸರಿ ಜೋಡಣೆ ಮಾತ್ರ ತಪ್ಪು ಎನ್ನುವ ಸಾಧ್ಯತೆಯನ್ನು ಪರೀಕ್ಷಿಸಲೇಬೇಕು. ಒಂದೇ ಆಶ್ರಯವನ್ನು ಹುಡುಕುವ ಚಟ ತತ್ವಶಾಸ್ತ್ರಕ್ಕಿಂತ ನಮ್ಮ ಮನೆಗಳಲ್ಲೂ ಠಾಣೆಗಳಲ್ಲೂ ಹೆಚ್ಚು ಹಾನಿ ಮಾಡಿದೆ.

ಕಡೆಯದಾಗಿ, ದೋಷವೆಂದು ಎಣಿಸಬೇಕೋ ಬೇಡವೋ ಎಂದು ನಿರ್ಧರಿಸಲಾಗದ ಒಂದು ಸ್ಥಿತಿಯಿದೆ. ಕ್ಯಾಥೋಡಿನ ಮೇಲಿನ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡಿನ ಲೇಪ ದಶಕಗಳ ಕಾಲ ಎಲೆಕ್ಟ್ರಾನು ಉಗುಳಿ ಉಗುಳಿ ಬಡವಾಗುತ್ತದೆ. ಟ್ಯೂಬು ವೀಕ್ ಆಯಿತು ಎನ್ನುತ್ತಾರೆ. ಏನೂ ಒಡೆದಿಲ್ಲ, ಏನೂ ತಗುಲಿಲ್ಲ, ಯಾವುದರೊಂದಿಗೂ ಹೊಂದಾಣಿಕೆ ತಪ್ಪಿಲ್ಲ. ನಿರುಕ್ತಕಾರ ಯಾಸ್ಕನು ಇರುವ ವಸ್ತುವಿಗೆಲ್ಲ ಹೇಳಿದ ಆರು ವಿಕಾರಗಳಲ್ಲಿ ಕ್ಷಯವೂ ಒಂದು. ಇರುವಿಕೆಯ ಲೆಕ್ಕದೊಳಗೇ ಅವನು ಅದನ್ನು ಸೇರಿಸಿದ್ದಾನೆ. ರಿಜುವಿನೇಟರ್ ಎಂಬ ಉಪಕರಣದಿಂದ ಹೀಟರನ್ನು ಮಿತಿಮೀರಿ ಕಾಯಿಸಿ, ಕ್ಯಾಥೋಡಿನಿಂದ ಹೆಚ್ಚು ವಿದ್ಯುತ್ ಹೀರಿಸಿ, ಅದರ ಮೇಲ್ಪದರ ಕಿತ್ತು ಹೊಸ ಮೈ ತೆರೆಯಬಹುದು. ಕೆಲವು ಟ್ಯೂಬುಗಳು ಇದರಿಂದ ವರ್ಷಗಟ್ಟಲೆ ಬೆಳಗುತ್ತವೆ, ಕೆಲವು ಅಲ್ಲೇ ಸಾಯುತ್ತವೆ. ಯಾವುದು ಹೇಗೆ ಎಂದು ಮೊದಲೇ ಹೇಳಲಾಗದು, ಉಳಿದ ಲೇಪವನ್ನು ಬೇಗ ಖರ್ಚು ಮಾಡಿಯೇ ಆ ಬೆಳಕು ಬರುವುದು. ಬದಲಿಗೆ ಹಾಕಲು ಹೊಸ ಟ್ಯೂಬು ತಯಾರಿಸುವ ದೊಡ್ಡ ಕಾರ್ಖಾನೆಗಳೆಲ್ಲ ಮುಚ್ಚಿವೆ. ಆದ್ದರಿಂದ ಅನುಭವಿಗಳಲ್ಲಿ ಹಲವರು ಆ ಉಪಕರಣವನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡು, ಮಂಕಾದ ಚಿತ್ರದಲ್ಲೇ ಆಟ ಕಾಣುವಷ್ಟು ದಿನ ಬ್ರೈಟ್‌ನೆಸ್ ಕೂಡ ಏರಿಸದೆ ಬಿಡುತ್ತಾರೆ.